ಮೂಸೆಗೆ ಬೀಳದ ಬೆಳ್ಳಿ

ಬೆಳ್ಳಿಯ ಬೆಲೆ ಏರಿದಾಗಲೆಲ್ಲ ಹಳೆಯ ಪಾತ್ರೆಗಳಿಗೆ ಗಂಡಾಂತರ. ಇಂಗ್ಲೆಂಡಿನ ಬೆಳ್ಳಿಯ ಪಾನಪಾತ್ರೆಗಳನ್ನು ರಾಜರು ಕರಗಿಸಿದರು, ಮಠಗಳ ಆಸ್ತಿ ಕಸಿದವರು ಕರಗಿಸಿದರು, ಹೊಸ ಮಾದರಿಯ ಮೋಹಕ್ಕೆ ಮನೆಯ ಯಜಮಾನರೇ ಕರಗಿಸಿದರು. ಇಷ್ಟೆಲ್ಲದರ ಕಣ್ತಪ್ಪಿಸಿ ಉಳಿದುಬಂದವುಗಳ ಕಥೆ ಇದು. ಅವುಗಳ ಬೆನ್ನುಹತ್ತಿದವರ ಕಥೆಯೂ ಹೌದು.

1643ರ ಜನವರಿಯ ಚಳಿಯಲ್ಲಿ, ಆಕ್ಸ್‌ಫರ್ಡ್ ನಗರದ ವಿದ್ಯಾಲಯಗಳ ಉಗ್ರಾಣಗಳಿಂದ ಬೆಳ್ಳಿಯ ಚಷಕಗಳೂ ಹಿಡಿಯೂ ಮುಚ್ಚಳವೂ ಉಳ್ಳ ಬಿಯರ್ ಪಾತ್ರೆಗಳಾದ ಟ್ಯಾಂಕರ್ಡುಗಳೂ ಭೋಜನಶಾಲೆಯ ಬೋಗುಣಿಗಳೂ ಹೊರಬಿದ್ದು, ನ್ಯೂ ಇನ್ ಹಾಲ್ ಎಂಬ ಕಟ್ಟಡದತ್ತ ಸಾಗಿದುವು. ಅಲ್ಲಿ ಥಾಮಸ್ ಬುಷೆಲ್ ಎಂಬಾತನು ಟಂಕಸಾಲೆಯನ್ನು ಹೂಡಿ, ಕುಲುಮೆಗೆ ಬೆಂಕಿಯಿಟ್ಟು ಕಾದಿದ್ದನು.

ಸಂಸತ್ತಿನೊಡನೆ ಸಮರಕ್ಕೆ ನಿಂತು, ಲಂಡನ್ನನ್ನು ಕಳೆದುಕೊಂಡು, ಆಕ್ಸ್‌ಫರ್ಡಿನಲ್ಲಿ ಬೀಡುಬಿಟ್ಟಿದ್ದ ಒಂದನೆಯ ಚಾರ್ಲ್ಸ್ ದೊರೆಗೆ ಸೈನಿಕರ ಸಂಬಳಕ್ಕೆ ಹಣವಿರಲಿಲ್ಲ. ಆದುದರಿಂದ ಆತನು ವಿದ್ಯಾಲಯಗಳಿಗೆ ಬಹು ವಿನಯದ ಪತ್ರವನ್ನು ಬರೆದು, ನಿಮ್ಮ ಬೆಳ್ಳಿಯನ್ನು ಸಾಲವಾಗಿ ಕೊಡಿರಿ, ಬಿಳಿಯ ಬೆಳ್ಳಿಗೆ ಔನ್ಸಿಗೆ 5 ಷಿಲಿಂಗಿನಂತೆಯೂ ಚಿನ್ನದ ಮುಲಾಮು ಕೊಟ್ಟುದಕ್ಕೆ ಐದೂವರೆಯಂತೆಯೂ ಹಿಂದಿರುಗಿಸುವೆನು ಎಂದು ಮಾತುಕೊಟ್ಟನು. ಹೀಗೆ ತೂಗಿ ಕೊಟ್ಟ ಸಾಲವನ್ನು ತೀರಿಸುವ ಮೊದಲೇ, 1649ರಲ್ಲಿ, ದೊರೆಯ ತಲೆಯೇ ಉರುಳಿತು.

ಕರಗಿದ ಬೆಳ್ಳಿ ನಾಣ್ಯವಾಗಿ ಹೊರಬಂದಿತು. ಪ್ರೊಟೆಸ್ಟೆಂಟ್ ಧರ್ಮವನ್ನೂ ಇಂಗ್ಲೆಂಡಿನ ಕಾನೂನನ್ನೂ ಸಂಸತ್ತಿನ ಸ್ವಾತಂತ್ರ್ಯವನ್ನೂ ಕಾಪಾಡುವೆನೆಂಬ ದೊರೆಯ ಘೋಷಣೆ ಲ್ಯಾಟಿನ್ ಭಾಷೆಯಲ್ಲಿ ಅದರ ಮೇಲೆ ಅಚ್ಚಾಗಿತ್ತು. ಸಂಸತ್ತಿನ ಮೇಲಣ ಯುದ್ಧಕ್ಕೆ ಸಂಸತ್ತಿನ ಹೆಸರನ್ನೇ ಹೊತ್ತ ಹಣ! ಕಾರ್ಪಸ್ ಕ್ರಿಸ್ಟಿ ಕಾಲೇಜು ಮಾತ್ರ ಹೇಗೋ ತನ್ನ ಪಾತ್ರೆಗಳನ್ನು ಉಳಿಸಿಕೊಂಡಿತು; ಇಂದಿಗೂ ಅದರ ಭಂಡಾರವನ್ನು ನೋಡಿ ನೆರೆಯ ಕಾಲೇಜುಗಳು ನಿಟ್ಟುಸಿರು ಬಿಟ್ಟರೆ ಆಶ್ಚರ್ಯಪಡಬೇಕಾದುದಿಲ್ಲ.

ಈ ಹಳೆಯ ವೃತ್ತಾಂತವನ್ನು ಈಗ ನೆನೆಯಲು ಕಾರಣವುಂಟು. 2025ರ ಅಕ್ಟೋಬರಿನಲ್ಲಿ ಬೆಳ್ಳಿಯ ಬೆಲೆ ಟ್ರಾಯ್ ಔನ್ಸಿಗೆ 50 ಡಾಲರನ್ನು ದಾಟಿ, 1980ರ ದಾಖಲೆಯನ್ನು ಹಿಂದೆ ಹಾಕಿತು. ಆ 1980ರ ಏರಿಕೆಯಾದರೋ ಟೆಕ್ಸಸಿನ ಹಂಟ್ ಸಹೋದರರು ಲೋಕದ ಬೆಳ್ಳಿಯನ್ನೆಲ್ಲ ತಾವೇ ಕೊಂಡುಹಾಕಲು ಹೊರಟುದರ ಫಲ. ಕೆಲವು ತಿಂಗಳಲ್ಲಿ ಆ ಗುಳ್ಳೆ ಒಡೆಯಿತು. ಒಡೆಯುವಷ್ಟರಲ್ಲಿ, ತೂಕಕ್ಕೆ ಸಿಕ್ಕುವ ಹಣವೇ ಲಾಭವೆಂದು ಜನ ಅಜ್ಜಂದಿರ ಕಾಲದ ಲೋಟ, ತಟ್ಟೆ, ಚಹದ ಗಿಂಡಿಗಳನ್ನು ಸರದಿಯಲ್ಲಿ ನಿಂತು ಮೂಸೆಗೆ ಒಪ್ಪಿಸಿಬಿಟ್ಟಿದ್ದರು.

ಬೆಳ್ಳಿಯ ಪಾತ್ರೆಯ ದುರದೃಷ್ಟ ಇದು. ಪಿಂಗಾಣಿಯ ಬಟ್ಟಲು ಒಡೆದರೆ ಒಡೆಯಿತು, ಒಡೆಯದಿದ್ದರೆ ಉಳಿಯಿತು. ಅದನ್ನು ಹಣವಾಗಿ ಪರಿವರ್ತಿಸುವ ಉಪಾಯ ಯಾರಿಗೂ ಇಲ್ಲ. ಬೆಳ್ಳಿಯ ಚಷಕವು ಹುಟ್ಟುವಾಗಲೇ ಹಣ. ಬ್ಯಾಂಕುಗಳಿಲ್ಲದ ಕಾಲದಲ್ಲಿ ಇಂಗ್ಲಿಷ್ ಗೃಹಸ್ಥನು ತನ್ನ ಉಳಿತಾಯವನ್ನು ಟ್ಯಾಂಕರ್ಡಿನ ರೂಪದಲ್ಲಿ ಮೇಜಿನ ಮೇಲಿಟ್ಟು, ಅದರಲ್ಲಿ ಬಿಯರ್ ಕುಡಿದು, ಕಷ್ಟ ಬಂದಾಗ ಕರಗಿಸುತ್ತಿದ್ದನು. ಕಷ್ಟ ಬಾರದಿದ್ದರೂ, ಮಾದರಿ ಹಳೆಯದಾಯಿತೆಂದು ಅಕ್ಕಸಾಲಿಗನಿಗೆ ಕೊಟ್ಟು, ಮಜೂರಿಯಷ್ಟನ್ನೇ ತೆತ್ತು, ಹೊಸದನ್ನು ಮಾಡಿಸಿಕೊಳ್ಳುತ್ತಿದ್ದನು. ನಮ್ಮ ಮನೆಗಳಲ್ಲಿ ಮಗಳ ಮದುವೆಗೆ ಅಜ್ಜಿಯ ಪಂಚಪಾತ್ರೆ ಯಾವ ದಾರಿ ಹಿಡಿಯುತ್ತದೆಂಬುದನ್ನು ಬಲ್ಲವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಮಧ್ಯಯುಗದ ಇಂಗ್ಲೆಂಡಿನ ಧರ್ಮೇತರ ಬೆಳ್ಳಿ ಬೆರಳೆಣಿಕೆಯಷ್ಟು ಮಾತ್ರ ಉಳಿದಿರುವುದು ಇದರಿಂದಲೇ. ಉಳಿದವುಗಳಲ್ಲಿ ಹಿರಿಯದು ನಾರ್ಫೋಕ್ ಪ್ರಾಂತದ ಕಿಂಗ್ಸ್ ಲಿನ್ ಪಟ್ಟಣದ್ದು. ಚಿನ್ನದ ಮುಲಾಮಿನ ಆ ಎತ್ತರದ ಚಷಕದ ಮೈಮೇಲೆ, ಬಣ್ಣದ ಮೀನಾಕಾರಿ ಕೆಲಸದಲ್ಲಿ, ಬೇಟೆಗೆ ಹೊರಟ ಸ್ತ್ರೀಪುರುಷರೂ ಗಿಡುಗಗಳೂ ನಾಯಿಗಳೂ ಕಾಣುತ್ತವೆ. ಜಾನ್ ದೊರೆಯು ಪಟ್ಟಣಕ್ಕೆ ಕೊಟ್ಟುದೆಂದು ಜನ ಹೆಮ್ಮೆಯಿಂದ ಹೇಳಿಕೊಂಡು ಬಂದರು. ದೊರೆ ಸತ್ತುದು 1216ರಲ್ಲಿ, ಚಷಕ ಹುಟ್ಟಿದುದು ಸುಮಾರು 1340ರಲ್ಲಿ. ಆ ಸುಳ್ಳು ಕೀರ್ತಿಯೇ ಅದನ್ನು ಕರಗಿಸುವವರ ಕೈ ತಡೆದಿರಬಹುದೆಂದು ನನ್ನ ಊಹೆ. ರಾಜದತ್ತವಾದ ವಸ್ತುವನ್ನು ತೂಕಕ್ಕೆ ಹಾಕಲು ಪುರಸಭೆಯವರಿಗೂ ಅಳುಕಿರುತ್ತದಷ್ಟೆ.

ಇಂತಹ ರಕ್ಷಣೆ ದೇವಾಲಯದಿಂದಲೂ ದೊರೆತುದುಂಟು. ಆನ್ ಬೊಲೀನ್ ರಾಣಿಯ ಹೆಸರನ್ನು ಹೊತ್ತ 1535ರ ಚಷಕವೊಂದು ಸೈರನ್‌ಸೆಸ್ಟರ್ ಊರಿನ ಚರ್ಚನ್ನು ಸೇರಿ ಬದುಕಿಕೊಂಡಿತು. ವಿಲ್ಟ್‌ಷರಿನ ಲೇಕಾಕ್ ಗ್ರಾಮದಲ್ಲಿ, 15ನೆಯ ಶತಮಾನದ ಯಾವನೋ ಶ್ರೀಮಂತನ ಮನೆಯಲ್ಲಿ ಮದ್ಯಕ್ಕೆಂದು ಮಾಡಿದ ಮುಚ್ಚಳದ ಚಷಕವು ಮುಂದೆ ಚರ್ಚಿನ ಪ್ರಸಾದಪಾತ್ರೆಯಾಗಿ ಶತಮಾನಗಳ ಕಾಲ ಸೇವೆ ಸಲ್ಲಿಸಿತು. 2013ರಲ್ಲಿ, ಕಟ್ಟಡದ ದುರಸ್ತಿಗೆ ಹಣವಿಲ್ಲದೆ, ಚರ್ಚು ಅದನ್ನು ಬ್ರಿಟಿಷ್ ಮ್ಯೂಸಿಯಮ್ಮಿಗೂ ವಿಲ್ಟ್‌ಷರ್ ಮ್ಯೂಸಿಯಮ್ಮಿಗೂ ಜಂಟಿಯಾಗಿ 13 ಲಕ್ಷ ಪೌಂಡಿಗೆ ಮಾರಿತು. ಊರವರಲ್ಲಿ ಕೆಲವರು ಇದನ್ನು ವಿರೋಧಿಸಿ ಧರ್ಮನ್ಯಾಯಾಲಯದವರೆಗೂ ಹೋದರು. ಅವರ ಸಂಕಟ ಅರ್ಥವಾಗತಕ್ಕದ್ದೇ. ಆದರೂ ಸೋರುವ ಮಾಡಿನ ಕೆಳಗೆ ಚಷಕವನ್ನು ಹಿಡಿದು ಕುಳಿತುಕೊಳ್ಳುವುದು ಯಾವ ಭಕ್ತಿಗೂ ಸಾಧ್ಯವಿಲ್ಲ.

ಚೌಕಟ್ಟು: ಮುದ್ರೆಗಳ ಸಾಲು

ಇಂಗ್ಲಿಷ್ ಬೆಳ್ಳಿಯ ಬುಡದಲ್ಲೋ ಹಿಡಿಯ ಪಕ್ಕದಲ್ಲೋ ಎಳ್ಳುಕಾಳಿನಷ್ಟು ಚಿಕ್ಕ ಮುದ್ರೆಗಳು ಸಾಲಾಗಿ ನಿಂತಿರುತ್ತವೆ. ಚಿರತೆಯ ಮುಖ 1300ರ ರಾಜಶಾಸನದ್ದು. ಮುಂದೆ ಅದೇ ಲಂಡನ್ನಿನ ಗುರುತಾಯಿತು. ತಯಾರಕನ ಮುದ್ರೆ 1363ರಿಂದ. ವರ್ಷಸೂಚಕ ಅಕ್ಷರ 1478ರಿಂದ: ಲಂಡನ್ನಿನಲ್ಲಿ ವರ್ಷಕ್ಕೊಂದರಂತೆ 20 ಅಕ್ಷರ, ಸುತ್ತು ಮುಗಿದೊಡನೆ ಅಕ್ಷರದ ಶೈಲಿ ಬದಲು. ನಡೆಯುವ ಸಿಂಹ 1544ರಿಂದ. ಅದಿದ್ದರೆ ಸಾವಿರದಲ್ಲಿ 925 ಪಾಲು ಶುದ್ಧ ಬೆಳ್ಳಿ. ಲಂಗರು ಬರ್ಮಿಂಗ್‌ಹ್ಯಾಮಿನದು, ಕಿರೀಟ 1974ರವರೆಗೆ ಷೆಫೀಲ್ಡಿನದು, ಎರಡೂ 1773ರವು. 1784ರಿಂದ 1890ರವರೆಗೆ ದೊರೆಯ ತಲೆಯೂ ಕಾಣಿಸಿದರೆ ಸುಂಕ ಸಂದಿದೆಯೆಂದು ತಿಳಿಯಬೇಕು.

ಈ ಮುದ್ರೆಗಳಿಲ್ಲದಿದ್ದರೆ ಸಂಗ್ರಾಹಕರ ಹವ್ಯಾಸವೇ ಹುಟ್ಟುತ್ತಿರಲಿಲ್ಲ. ಲಂಡನ್ನಿನಲ್ಲಿ ಅವುಗಳನ್ನು ಹಾಕುವ, 1327ರಲ್ಲಿ ರಾಜಸನದನ್ನು ಪಡೆದ ಗೋಲ್ಡ್‌ಸ್ಮಿತ್ಸ್ ಕಂಪೆನಿಯೆಂಬ ಅಕ್ಕಸಾಲಿಗರ ಶ್ರೇಣಿಗೆ 2027ರಲ್ಲಿ ಏಳುನೂರು ವರ್ಷ ತುಂಬುತ್ತದೆ. ಅದರ ಪರೀಕ್ಷೆಯ ಬಗೆ ಇದು: ಪಾತ್ರೆಯ ಮೈಯಿಂದ ಚೂರು ಬೆಳ್ಳಿಯನ್ನು ಕೆರೆದು, ತೂಗಿ, ಸೀಸದ ಹಾಳೆಯಲ್ಲಿ ಸುತ್ತಿ, ಮೂಳೆಯ ಬೂದಿಯಿಂದ ಮಾಡಿದ ಪುಟ್ಟ ಬಟ್ಟಲಿನಲ್ಲಿಟ್ಟು ಕಾಯಿಸಿದರೆ, ಸೀಸವೂ ತಾಮ್ರವೂ ಬೂದಿಯೊಳಕ್ಕೆ ಇಂಗಿಹೋಗಿ, ಶುದ್ಧ ಬೆಳ್ಳಿಯ ಮಣಿಯೊಂದು ಉಳಿಯುತ್ತದೆ. ಆ ಮಣಿಯನ್ನು ಮತ್ತೆ ತೂಗಿದರೆ ಬೆರಕೆಯೆಷ್ಟೆಂಬುದು ಬಯಲಾಗುತ್ತದೆ. ಗೆದ್ದ ಪಾತ್ರೆಗೆ ಮುದ್ರೆ. ಸೋತುದನ್ನು ಅಲ್ಲಿಯೇ ಜಜ್ಜಿ ಹಾಕುತ್ತಿದ್ದರು.

ಕಾನೂನಿದ್ದಲ್ಲಿ ಕಳ್ಳದಾರಿಯೂ ಇರಬೇಕಲ್ಲವೆ? 1720ರಲ್ಲಿ ಔನ್ಸಿಗೆ ಆರು ಪೆನ್ನಿಯ ಸುಂಕ ಬಂದಾಗ, ಚತುರರಾದ ಅಕ್ಕಸಾಲಿಗರು ಪುಟ್ಟದೊಂದು ತಗಡಿಗೆ ಮುದ್ರೆ ಹಾಕಿಸಿ, ಅದರಷ್ಟಕ್ಕೆ ಮಾತ್ರ ಸುಂಕ ತೆತ್ತು, ಆಮೇಲೆ ಆ ತಗಡನ್ನು ಭಾರಿ ಚಷಕವೊಂದರ ಬುಡಕ್ಕೆ ಬೆಸೆದುಬಿಡುತ್ತಿದ್ದರು. ಈ ವಿದ್ಯೆಯಲ್ಲಿ ಪಳಗಿದವರ ಪೈಕಿ ಪಾಲ್ ದ ಲಾಮರಿಯೂ ಒಬ್ಬನೆಂಬುದು ಸ್ವಾರಸ್ಯದ ಸಂಗತಿ. ಫ್ರಾನ್ಸಿನಿಂದ ಧರ್ಮದ ಕಾರಣಕ್ಕಾಗಿ ಓಡಿಬಂದ ಹ್ಯೂಗನೋ ಕುಟುಂಬದಲ್ಲಿ 1688ರಲ್ಲಿ ಹುಟ್ಟಿದ ಆತನನ್ನು ಆ ಶತಮಾನದ ಇಂಗ್ಲಿಷ್ ಬೆಳ್ಳಿಗೆಲಸದ ಚಕ್ರವರ್ತಿಯೆಂದೇ ಎಣಿಸುತ್ತಾರೆ. ಆತನ ಕೈಯ ಪಾತ್ರೆಯಲ್ಲಿ ಸುಂಕ ವಂಚಿಸಿದ ಬೆಸುಗೆ ಕಂಡುಬಂದರೆ ಇಂದಿನ ಸಂಗ್ರಾಹಕನು ಕೋಪಿಸಿಕೊಳ್ಳುವುದಿಲ್ಲ, ಒಳಗೊಳಗೇ ಹಿಗ್ಗುತ್ತಾನೆ.

ಸರಕಾರವೇನೂ ಸುಮ್ಮನೆ ಕುಳಿತಿರಲಿಲ್ಲ. ಮುದ್ರೆಯನ್ನು ಖೋಟಾ ಮಾಡಿದವನಿಗೆ ಮರಣದಂಡನೆಯೆಂದು 1750ರ ದಶಕದಲ್ಲಿ ಶಾಸನವಾಯಿತು. 1773ರಲ್ಲಿ ಮನಸ್ಸು ಕರಗಿ, ಅದನ್ನು ಹದಿನಾಲ್ಕು ವರ್ಷಗಳ ಗಡೀಪಾರಿಗೆ ಇಳಿಸಿದರು.

ಅದಕ್ಕೂ ಹಿಂದೆ ನಾಣ್ಯದ ಅಂಚನ್ನು ಕತ್ತರಿಸಿ ಪಾತ್ರೆ ಮಾಡುವ ಪಿಡುಗು ದೇಶವನ್ನೇ ಕಾಡಿತ್ತು. 1696ರಲ್ಲಿ ಹಳೆಯ ನಾಣ್ಯಗಳನ್ನೆಲ್ಲ ಹಿಂದೆ ತೆಗೆದುಕೊಂಡು ಹೊಸದಾಗಿ ಅಚ್ಚುಹಾಕಿದಾಗ, ಟಂಕಸಾಲೆಗೆ ಬೆಳ್ಳಿ ಸಾಲದೆ ಹೋಯಿತು. ಪಾನಗೃಹಗಳಲ್ಲಿ ಚಮಚೆಯೊಂದನ್ನುಳಿದು ಬೇರಾವ ಬೆಳ್ಳಿಯ ಸಾಮಾನನ್ನೂ ಬಹಿರಂಗವಾಗಿ ಬಳಸಕೂಡದೆಂದು ಸಂಸತ್ತು ಅಪ್ಪಣೆ ಮಾಡಿತು. ಅಲ್ಲಿಯವರೆಗೆ ಸಾಮಾನ್ಯ ಹೆಂಡದಂಗಡಿಯಲ್ಲಿಯೂ ಗಿರಾಕಿಯ ಕೈಗೆ ಬೆಳ್ಳಿಯ ಟ್ಯಾಂಕರ್ಡು ಬರುತ್ತಿದ್ದಿತೆಂಬುದು ಈ ನಿಷೇಧದಿಂದಲೇ ನಮಗೆ ತಿಳಿಯುತ್ತದೆ. ಮರುವರ್ಷ, ನಾಣ್ಯವನ್ನು ಕರಗಿಸಿ ಪಾತ್ರೆ ಮಾಡುವುದು ಲಾಭವಾಗದಿರಲೆಂದು, ಪಾತ್ರೆಯ ಬೆಳ್ಳಿ ನಾಣ್ಯದ ಬೆಳ್ಳಿಗಿಂತ ಶುದ್ಧವಾಗಿರಬೇಕು, ಸಾವಿರಕ್ಕೆ 958 ಪಾಲು, ಎಂಬ ಕಟ್ಟಳೆ ಬಂದು, 1720ರವರೆಗೆ ನಡೆಯಿತು. ಆ ಇಪ್ಪತ್ತಮೂರು ವರ್ಷಗಳ ಪಾತ್ರೆಗಳ ಮೇಲೆ ಸಿಂಹದ ನಡಿಗೆಯ ಬದಲು ಬ್ರಿಟಾನಿಯಾ ದೇವಿಯು ಕುಳಿತಿರುತ್ತಾಳೆ. ಮೃದುವಾದ ಆ ಬೆಳ್ಳಿಯಲ್ಲಿ ಅಲಂಕಾರ ಕಡಿಮೆ, ಆಕಾರದ ಗಾಂಭೀರ್ಯ ಹೆಚ್ಚು. ನನ್ನ ಅಭಿರುಚಿಗೆ ಇಂಗ್ಲಿಷ್ ಬೆಳ್ಳಿಯ ಉತ್ತಮ ಕಾಲ ಅದೇ.

ಇನ್ನು ಸಂಗ್ರಾಹಕನ ಕೆಲಸ. ಲಂಡನ್ನಿನ ಚಾನ್ಸರಿ ಲೇನಿನಲ್ಲಿ ಮೆಟ್ಟಿಲಿಳಿದು ಹೋದರೆ, ನೆಲದಡಿಯ ಉಕ್ಕಿನ ಬಾಗಿಲುಗಳ ಹಿಂದೆ, ಬೆಳ್ಳಿಯೊಂದನ್ನೇ ಮಾರುವ ಅಂಗಡಿಗಳ ಓಣಿ ಇದೆ. 19ನೆಯ ಶತಮಾನದಲ್ಲಿ ಶ್ರೀಮಂತರ ಒಡವೆ, ದಸ್ತಾವೇಜುಗಳಿಗಾಗಿ ಕಟ್ಟಿದ ಭದ್ರಕೋಣೆಗಳಿವು. ಎರಡನೆಯ ಮಹಾಯುದ್ಧದಲ್ಲಿ ಮೇಲಣ ಕಟ್ಟಡ ಬಾಂಬಿಗೆ ನೆಲಸಮವಾದರೂ ಕೆಳಗಿನ ಕೋಣೆಗಳು ಅಲುಗಲಿಲ್ಲ.

ಇಂತಹ ಅಂಗಡಿಯಲ್ಲಿ ಎರಡನೆಯ ಚಾರ್ಲ್ಸನ ಕಾಲದ ಟ್ಯಾಂಕರ್ಡೊಂದು ಕೈಗೆ ಬಂದಿತೆನ್ನಿ. ಚಪ್ಪಟೆ ಮುಚ್ಚಳ, ಹೆಬ್ಬೆರಳಿನಿಂದ ಒತ್ತಿ ತೆರೆಯಲು ತಿರುಪಿನಾಕಾರದ ಮೀಟು, ಕೊಳವೆಯಂತಹ ಹಿಡಿ. ಬಲ್ಲವನು ಮೊದಲು ಅದರ ಸೌಂದರ್ಯವನ್ನು ನೋಡುವುದೇ ಇಲ್ಲ; ಅದರ ಮೇಲೆ ಬಾಯಿಂದ ಬಿಸಿಯುಸಿರು ಬಿಡುತ್ತಾನೆ. ಆವಿ ಕವಿದ ಕ್ಷಣಮಾತ್ರದಲ್ಲಿ, ಹೊಳಪಿನಲ್ಲಿ ಮರೆಯಾಗಿದ್ದ ಬೆಸುಗೆಯ ಗೆರೆ, ತೇಪೆಯ ಅಂಚು ಸ್ಪಷ್ಟವಾಗಿ ಎದ್ದು ಕಾಣುತ್ತದೆ.

ಬಳಿಕ ಎರಡು ಬೆರಳುಗಳ ನಡುವೆ ಮೈಯ ತಗಡನ್ನು ಹಿಡಿದು ಒತ್ತಿ ನೋಡುತ್ತಾನೆ. ಮುಂಭಾಗದಲ್ಲಿ ತಗಡು ತೆಳುವಾಗಿ ಬಳುಕಿದರೆ, ಹಿಂದಿನ ಒಡೆಯನ ವಂಶಲಾಂಛನವನ್ನು ಯಾರೋ ಉಜ್ಜಿ ಅಳಿಸಿದ್ದಾರೆಂದು ಅರ್ಥ. ಮುಚ್ಚಳದ ಮುದ್ರೆಗಳೂ ಮೈಯ ಮುದ್ರೆಗಳೂ ಒಂದೇ ವರ್ಷದವೆ? ಅಲ್ಲವಾದರೆ ಎರಡು ಹೆಣಗಳಿಂದ ಒಂದು ದೇಹವನ್ನು ಕಟ್ಟಿದ್ದಾರೆ.

ಕೊನೆಗೆ ಪಾತ್ರೆಯನ್ನು ಮಗುಚಿ ಬುಡವನ್ನು ದೀಪಕ್ಕೆ ಹಿಡಿಯುತ್ತಾನೆ. ಅಲ್ಲಿ ಸೂಜಿಯಿಂದ ಗೀರಿದಂತಹ ಅಂಕಿಗಳಿರುವುದುಂಟು: ಇಷ್ಟು ಔನ್ಸು, ಇಷ್ಟು ಪೆನ್ನಿವೇಟು. ಮನೆಯ ಉಗ್ರಾಣಿಯೋ ಅಕ್ಕಸಾಲಿಗನೋ ಗೀರಿಟ್ಟ ಮೂಲ ತೂಕ ಅದು. ಇಪ್ಪತ್ತು ಪೆನ್ನಿವೇಟಿಗೆ ಒಂದು ಔನ್ಸು. ಔನ್ಸೆಂದರೆ 31 ಗ್ರಾಮಿಗೆ ಕೊಂಚ ಮೇಲೆ. ಈಗ ತೂಗಿದಾಗ ಕೊಂಚ ಕಡಿಮೆ ಬಂದರೆ ಅದು ಮುನ್ನೂರೈವತ್ತು ವರ್ಷಗಳ ಉಜ್ಜಾಟದ ಸವೆತ. ಎರಡು ಮೂರು ಔನ್ಸು ಕಡಿಮೆಯಾದರೆ ಏನನ್ನೋ ಕಿತ್ತಿದ್ದಾರೆ. ಹೆಚ್ಚಾದರೆ ಏನನ್ನೋ ಸೇರಿಸಿದ್ದಾರೆ. ಸೇರಿಸುವ ಪಾಪವೇ ದೊಡ್ಡದು.

ವಿಕ್ಟೋರಿಯಾ ರಾಣಿಯ ಕಾಲದ ಜನಕ್ಕೆ ಒಂದು ಕ್ವಾರ್ಟು ಬಿಯರ್ ಹಿಡಿಸುವ ಟ್ಯಾಂಕರ್ಡು ಬೇಡವಾಗಿತ್ತು. ಅವರು ಅದಕ್ಕೊಂದು ಮೂತಿಯನ್ನು ಬೆಸೆದು ನೀರಿನ ಹೂಜಿ ಮಾಡಿಕೊಂಡರು. ಸಾದಾ ಮೈ ಕಣ್ಣಿಗೆ ಬೋಳೆನಿಸಿತೆಂದು ಹೂಬಳ್ಳಿಗಳ ಉಬ್ಬುಗೆತ್ತನೆಯನ್ನೂ ತುಂಬಿಸಿದರು. ಕರಗಿಸಲಿಲ್ಲವಲ್ಲ ಎಂದು ಅವರಿಗೆ ಕೃತಜ್ಞರಾಗಿರಬೇಕೆಂದು ಬುದ್ಧಿ ಹೇಳುತ್ತದೆ, ಮನಸ್ಸು ಒಪ್ಪುವುದಿಲ್ಲ. ಕಾನೂನೂ ಒಪ್ಪುವುದಿಲ್ಲ: ಪರೀಕ್ಷೆಗೊಳಪಡಿಸದೆ, ಸೇರಿಸಿದ ಭಾಗಕ್ಕೆ ಮುದ್ರೆ ಹಾಕಿಸದೆ ಇಂತಹ ಪಾತ್ರೆಯನ್ನು ಇಂದು ಇಂಗ್ಲೆಂಡಿನಲ್ಲಿ ಮಾರುವಂತಿಲ್ಲ. ಸಂಶಯ ಬಂದ ವಸ್ತುಗಳನ್ನು ಗೋಲ್ಡ್‌ಸ್ಮಿತ್ಸ್ ಕಂಪೆನಿಯ ಪ್ರಾಚೀನ ಬೆಳ್ಳಿಯ ಸಮಿತಿಯು 1939ರಿಂದಲೂ ಪರೀಕ್ಷಿಸುತ್ತ ಬಂದಿದೆ.

ಚೌಕಟ್ಟು: ಸೀಟಿಯೂ ಬೆನ್ನುಗಾವಲೂ

ಟ್ಯಾಂಕರ್ಡಿನ ಹಿಡಿಯ ಕೆಳತುದಿಯಲ್ಲಿ ಸಣ್ಣ ಸೀಳೊಂದಿರುತ್ತದೆ. ಬಿಯರ್ ಮುಗಿದಾಗ ಊದಿ ಮಾಣಿಯನ್ನು ಕರೆಯಲು ಇಟ್ಟ ಸೀಟಿಯೆಂದು ಅಂಗಡಿಯವರು ಹೇಳಿದರೆ ನಕ್ಕುಬಿಡಿ. ಟೊಳ್ಳು ಹಿಡಿಯನ್ನು ಬೆಸೆಯುವಾಗ ಕಾದ ಗಾಳಿ ಹೊರಹೋಗಲೆಂದು ಬಿಟ್ಟ ಕಂಡಿ ಅದು.

ಎರಡು ಹಿಡಿಗಳ ಪ್ರೀತಿಪಾತ್ರೆಯನ್ನು ಲಂಡನ್ನಿನ ವೃತ್ತಿಸಂಘಗಳ ಔತಣಗಳಲ್ಲಿ ಕೈಯಿಂದ ಕೈಗೆ ದಾಟಿಸುವಾಗ, ಕುಡಿಯುವವನ ಬೆನ್ನಿಗೆ ಬೆನ್ನು ಕೊಟ್ಟು ಒಬ್ಬನು ಕಾವಲು ನಿಲ್ಲುತ್ತಾನೆ. 978ರಲ್ಲಿ ಕಾರ್ಫ್ ಎಂಬಲ್ಲಿ ಎಡ್ವರ್ಡ್ ದೊರೆಯನ್ನು ಕುಡಿಯುತ್ತಿದ್ದಾಗಲೇ ಇರಿದು ಕೊಂದರಂತೆ. ಆ ನೆನಪಿನ ಶಿಷ್ಟಾಚಾರವಿದೆಂದು ಪ್ರತೀತಿ.

ಎಲ್ಲರಿಗೂ ಟ್ಯಾಂಕರ್ಡೇ ಬೇಕೆಂದಿಲ್ಲ. ನರಿಯ ತಲೆಯಾಕಾರದ ರಿಕಾಪು ಬಟ್ಟಲುಗಳನ್ನೇ ಹುಡುಕುವವರುಂಟು. ಬೇಟೆಗೆ ಹೊರಟವನು ಕುದುರೆಯೇರಿ ಕುಳಿತ ಮೇಲೆ ಕೊಡುವ ಕೊನೆಯ ಗುಟುಕಿಗಾಗಿ 18ನೆಯ ಶತಮಾನದ ಉತ್ತರಾರ್ಧದಲ್ಲಿ ಹುಟ್ಟಿದವು. ಬುಡವಿಲ್ಲದುದರಿಂದ ಬರಿದು ಮಾಡದೆ ಕೆಳಗಿಡುವಂತಿಲ್ಲ. ಯಾರ್ಕ್ ಮತ್ತು ಹಲ್ ಪಟ್ಟಣಗಳ ಗೂಟದ ಟ್ಯಾಂಕರ್ಡುಗಳ ಒಳಮೈಯಲ್ಲಿ ಮೇಲಿಂದ ಕೆಳಕ್ಕೆ ಪುಟ್ಟ ಗೂಟಗಳ ಸಾಲಿರುತ್ತದೆ. ಒಬ್ಬೊಬ್ಬನೂ ಒಂದು ಗೂಟದಷ್ಟೇ ಕುಡಿದು ಪಕ್ಕದವನಿಗೆ ದಾಟಿಸಬೇಕು. ಕುಡಿತಕ್ಕೆ ಮಿತಿಯನ್ನು ಕಲಿಸಲು ಹೂಡಿದ ಉಪಾಯವು ಪಂದ್ಯಕ್ಕೆ ಅಳತೆಗೋಲಾಗಿರಲೂ ಸಾಕು.

ನನಗೆ ಪ್ರಿಯವಾದುದು ಟಂಬ್ಲರ್. ಗುಂಡು ಬುಡದ ಪುಟ್ಟ ಬಟ್ಟಲು. ದಪ್ಪ ತಗಡನ್ನು ಬಡಿದು ಬಡಿದು ಮೈಯನ್ನು ಮೇಲಕ್ಕೆಬ್ಬಿಸಿ, ಭಾರವನ್ನೆಲ್ಲ ತಳದಲ್ಲಿ ಉಳಿಸಿರುತ್ತಾರೆ. ಓರೆ ಮಾಡಿ ಬಿಟ್ಟರೆ ತಂಜಾವೂರಿನ ಬೊಂಬೆಯಂತೆ ತೂಗಾಡಿ ತಾನೇ ನೆಟ್ಟಗಾಗುತ್ತದೆ. ಒಂದು ಗೆರೆಯ ಅಲಂಕಾರವೂ ಇಲ್ಲದ ಅದರ ಮೈಮೇಲೆ ಸುತ್ತಿಗೆಯ ಮೆಲುಗುರುತುಗಳು ಇನ್ನೂ ಕಾಣುತ್ತವೆ. ರಾಜಸಭೆಗಳ ಗೋಪುರದಂತಹ ಮುಚ್ಚಳದ ಚಷಕಗಳೆದುರು ಇದು ಬಡವ. ಆದರೆ ಅವು ಪ್ರದರ್ಶನಕ್ಕೆ, ಇದು ಕುಡಿಯುವುದಕ್ಕೆ.

ಇಂಗ್ಲಿಷರು ಬೆಳ್ಳಿಯ ಕಟ್ಟು ಹಾಕಿಸಿ ಪೂಜ್ಯವಾಗಿಟ್ಟುಕೊಂಡ ತೆಂಗಿನ ಚಿಪ್ಪುಗಳೂ ಇವೆ. ಸಮುದ್ರಗಳನ್ನು ದಾಟಿ ಅಪರೂಪವಾಗಿ ಬಂದ ಈ ಕಾಯಿಯಲ್ಲಿ ವಿಷ ನಿಲ್ಲದೆಂಬ ನಂಬಿಕೆ ಅವರಿಗಿತ್ತು. ಆಕ್ಸ್‌ಫರ್ಡಿನ ಓರಿಯೆಲ್, ನ್ಯೂ ಕಾಲೇಜುಗಳಲ್ಲಿ ಅವು ಇಂದಿಗೂ ಇವೆ. ಬಚ್ಚಲೊಲೆಗೆ ದಿನಾ ಕರಟ ಹಾಕುವ ನಮ್ಮವರಿಗೆ ಅದನ್ನು ಗಾಜಿನ ಕಪಾಟಿನಲ್ಲಿ ಕಂಡಾಗ ನಗು ಬಂದೀತು; ಸುಡಬಹುದಾದ ವಸ್ತುವು ಕರಗಬಹುದಾದ ಬೆಳ್ಳಿಯನ್ನು ಉಳಿಸಿತೆಂಬುದನ್ನೂ ನೆನೆಯಬೇಕು. ಕಟ್ಟಿನ ತೂಕ ಅತ್ಯಲ್ಪವಾದುದರಿಂದ ಕಿತ್ತು ಮೂಸೆಗೆ ಹಾಕಿದರೂ ಲಾಭವಿರಲಿಲ್ಲ.

ಚಿನಿವಾರಪೇಟೆಯ ಲೆಕ್ಕಕ್ಕೆ ಬರೋಣ. ಸುಮಾರು 25 ಔನ್ಸಿನ ಟ್ಯಾಂಕರ್ಡೆಂದರೆ ಮುಕ್ಕಾಲು ಕಿಲೋಗಿಂತ ತುಸು ಹೆಚ್ಚು. 2025ರ ಅಕ್ಟೋಬರಿನ ದರದಲ್ಲಿ, ಔನ್ಸಿಗೆ 50 ಡಾಲರಿನಂತೆ, ತಾಮ್ರದ ಪಾಲನ್ನು ಕಳೆದು, ಅದರ ಲೋಹದ ಬೆಲೆ 1150 ಡಾಲರಿನ ಆಸುಪಾಸು. ಎರಡನೆಯ ಚಾರ್ಲ್ಸನ ಕಾಲದ ನಿರ್ದೋಷವಾದ ಪಾತ್ರೆಗೆ ಸಂಗ್ರಾಹಕನು ಅದರ ಹಲವು ಪಟ್ಟು ಕೊಡುತ್ತಾನೆ. ಆದುದರಿಂದ ಅದು ಕ್ಷೇಮ. ವಿಧವೆಯಾದ ಬಳಿಕ 1761ರಲ್ಲಿ ತನ್ನದೇ ಮುದ್ರೆಯನ್ನು ನೋಂದಾಯಿಸಿ, ತನ್ನ ಎಂಬತ್ತನೆಯ ವಯಸ್ಸಿನವರೆಗೂ ಕಾರ್ಖಾನೆ ನಡೆಸಿದ ಹೆಸ್ಟರ್ ಬೇಟ್‌ಮನ್ನಳ ಮಗ್ಗುಗಳೂ ಆಕೆಯ ಹೆಸರಿನ ಬಲದಿಂದ ಕ್ಷೇಮ. ಅಪಾಯವಿರುವುದು ನಡುವಿನವಕ್ಕೆ: ವಿಕ್ಟೋರಿಯಾ ಕಾಲದ ನಾಮಕರಣದ ಮಗ್ಗುಗಳು, ಕುದುರೆ ಪಂದ್ಯದ ಬಹುಮಾನಗಳು, ಉಬ್ಬುಗೆತ್ತನೆಯಿಂದ ಕೆಟ್ಟ ಹಳೆಯ ಟ್ಯಾಂಕರ್ಡುಗಳು. ಇವುಗಳಿಗೆ ಕೊಳ್ಳುವವರು ಕಡಿಮೆ, ಕರಗಿಸುವವರು ಕೊಡುವ ಬೆಲೆ ಅಧಿಕ.

ನಮ್ಮ ಸಂಬಂಧದ ಸಾಮಾನೂ ಈ ಗುಂಪಿನಲ್ಲಿದೆ. ಬ್ರಿಟಿಷರ ಆಳಿಕೆಯಲ್ಲಿ ಕಲ್ಕತ್ತೆಯ ಹ್ಯಾಮಿಲ್ಟನ್, ಮದರಾಸಿನ ಓರ್, ಬೆಂಗಳೂರಿನ ಬಾರ್ಟನ್ ಅಂಗಡಿಗಳು ಇಂಗ್ಲಿಷ್ ಆಕಾರದ ಮಗ್ಗುಗಳನ್ನೂ ಪಂದ್ಯದ ಚಷಕಗಳನ್ನೂ ಮಾಡಿಸಿ ಮಾರುತ್ತಿದ್ದುವು. ದಕ್ಷಿಣದ ಕೆಲವಕ್ಕೆ ದೇವತೆಗಳ ಮೂರ್ತಿಗಳ ಉಬ್ಬುಗೆತ್ತನೆಯೂ ಉಂಟು. ಅವುಗಳಿಗೆ ಚಿರತೆಯೂ ಇಲ್ಲ, ಸಿಂಹವೂ ಇಲ್ಲ. ಬುಡದಲ್ಲಿ ಅಂಗಡಿಯ ಹೆಸರೋ ಹೆಸರಿನ ಮೊದಲಕ್ಷರಗಳೋ ಇರುತ್ತವೆ, ಅಷ್ಟೆ. ಹಾಲ್‌ಮಾರ್ಕಿಲ್ಲವೆಂದು ಅಂಗಡಿಯವನು ಅದನ್ನು ಬದಿಗೆ ತಳ್ಳಿ ತಕ್ಕಡಿಗೆ ಕೈಹಾಕುವ ಮುನ್ನ, ಮಗ್ಗನ್ನು ಒಮ್ಮೆ ಮಗುಚಿ, ಭೂತಗಾಜಿನಲ್ಲಿ ಆ ಅಕ್ಷರಗಳನ್ನು ಓದಿಕೊಳ್ಳುವುದು ಒಳ್ಳೆಯದು. ಬಾರ್ಟನ್ ಎಂದಿದ್ದರೆ ತೂಕದ ಬೆಲೆಗೆ ಕೊಡಬೇಡಿ.